ಅನಾನಸ್ ಪಿಜ್ಜಾ ಇಟ್ಟರೆ ತೀರ್ಥಹಳ್ಳಿಯಲ್ಲಿ ಯಾರಾದರೂ ತಿನ್ನುತ್ತಾರಾ?

ತುಂಗಾತೀರ:

ನಮ್ಮದು ತೀರ್ಥಹಳ್ಳಿ ಪೇಟೆಯಲ್ಲಿ ಹಳೇ ಬೇಕರಿ. ಅಪ್ಪ ಈಗಲೂ ಸೌದೆ ಒಲೆಯಲ್ಲೇ ಬ್ರೆಡ್ಡು, ಬನ್ನು, ರಸ್ಕು ಮಾಡುತ್ತಾರೆ. ಮಧ್ಯಾಹ್ನ ಬನ್ನಿನ ಕೆಲಸ ಮುಗಿದ ಮೇಲೂ ಒಲೆ ಬಿಸಿ ಇರುತ್ತದೆ. ಆ ಕಾವು ಸುಮ್ನೆ ಹಾಳು. ಸಂಜೆ ಅದರಲ್ಲಿ ಪಿಜ್ಜಾ ಮಾಡೋಣ ಅಂತ ಯೋಚನೆ. ಕಾಲೇಜು ಹುಡುಗರು ಪಿಜ್ಜಾಕ್ಕೆ ಅಂತಲೇ ಶಿವಮೊಗ್ಗ ಬಸ್ ಹತ್ತುತ್ತಾರೆ. ಇಲ್ಲೇ ಸಿಕ್ಕರೆ ಬಿಡುತ್ತಾರಾ?

ಪನೀರ್, ಜೋಳ, ಕ್ಯಾಪ್ಸಿಕಂ ಹೇಗೂ ಇಡಬೇಕು. ಜೊತೆಗೆ ನಮ್ಮದೇ ಅಂತ ಒಂದು ಬೇಕಲ್ವಾ? ಅನಾನಸ್ ಅಂದರೆ ಅಪ್ಪ "ಪಿಜ್ಜಾ ಮಾಡ್ತೀಯೋ, ಕೇಸರಿಭಾತ್ ಮಾಡ್ತೀಯೋ?" ಅನ್ನುತ್ತಾರೆ. ಹೊರದೇಶದಲ್ಲಿ ಇದ್ದು ಬಂದವರು ಹೇಳಿ. ಅಲ್ಲಿನ ಜನ ನಿಜಕ್ಕೂ ಏನೇನು ಹಾಕಿಕೊಂಡು ತಿನ್ನುತ್ತಾರೆ?

ಸಾಗರದ ಮಾಣಿ:

ಧೈರ್ಯವಾಗಿ ಇಡಿ ಮಾರಾಯ್ರೆ. ನಾನು ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಓದುವಾಗ ಸಂಜೆ ಹೊತ್ತು ಒಂದು ಪಿಜ್ಜಾ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮಾಲೀಕರು ಟರ್ಕಿ ಕಡೆಯವರು. ಅಲ್ಲಿ ಬಾಳೆಹಣ್ಣಿನ ಪಿಜ್ಜಾ ಮಾಮೂಲಿ. ಬಾಳೆಹಣ್ಣನ್ನು ಬಿಲ್ಲೆ ಮಾಡಿ ಚೀಸ್ ಮೇಲೆ ಜೋಡಿಸಬೇಕು, ಜೊತೆಗೆ ಹ್ಯಾಮ್ (ಹಂದಿ ಮಾಂಸ) ಅಥವಾ ಕೋಳಿ. ಮೇಲೆ ಹಳದಿ ಬಣ್ಣದ ‘ಕರ್ರಿ’ ಮಸಾಲೆ ಪುಡಿಯನ್ನು ಚಿಟಿಕೆಯಲ್ಲಿ ಉದುರಿಸಬೇಕು. ಕೆಲವರು ಕಡಲೆಬೀಜವನ್ನೂ ಕೇಳುತ್ತಾರೆ. ಓವನ್‌ನಿಂದ ತೆಗೆಯುವಾಗ ಬಿಲ್ಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿ, ನಡುವೆ ನಮ್ಮ ಬಾಳೆಹಣ್ಣಿನ ಹಲ್ವದ ಹಾಗೆ ಆಗಿರುತ್ತದೆ. ಗಟ್ಟಿ ಸ್ವೀಡಿಷ್ ಅಜ್ಜಂದಿರು ಅದನ್ನು ಚಾಕು, ಫೋರ್ಕ್ ಹಿಡಿದು ಶಾಂತವಾಗಿ ತಿನ್ನುತ್ತಾರೆ. ಅದರ ಮುಂದೆ ನಿಮ್ಮ ಅನಾನಸ್ ಯಾವ ಲೆಕ್ಕ!

ಇನ್ನೊಂದು ಕಬಾಬ್ ಪಿಜ್ಜಾ. ಬೆಂದ ಮೇಲೆ ಬಿಳಿ ಬೆಳ್ಳುಳ್ಳಿ ಸಾಸ್ ಸುರಿದು ಕೊಡುತ್ತೇವೆ. ಎಲ್ಲದರ ಜೊತೆಗೂ ಎಲೆಕೋಸಿನ ಸಲಾಡ್ ಬಿಟ್ಟಿ. ಕೋಸನ್ನು ಎಳೆ ಎಳೆಯಾಗಿ ಹೆಚ್ಚಿ, ಎಣ್ಣೆ, ವಿನೆಗರ್, ಉಪ್ಪು, ಕಾಳುಮೆಣಸು ಕಲಸಿ ನೆನೆಯಲು ಇಡುವುದು, ಅಷ್ಟೇ. ನನಗೆ ಪಿಜ್ಜಾಗಿಂತ ಅದೇ ಜಾಸ್ತಿ ಇಷ್ಟ. ಕಾಳುಮೆಣಸಿನ ಊರಿನವರು ನೀವು, ಇದನ್ನೂ ಕೊಡಿ. ಖರ್ಚೇನೂ ಇಲ್ಲ.

ಅನಾನಸ್ ಪಿಜ್ಜಾಕ್ಕೆ ಹವಾಯಿಯನ್ ಅಂತ ಹೆಸರಿದ್ದರೂ ಅದು ಹುಟ್ಟಿದ್ದು ಕೆನಡಾದಲ್ಲಿ. ಒಂಟಾರಿಯೋದ ಚ್ಯಾಟಮ್ ಅನ್ನುವ ಊರು, 1962. ಗ್ರೀಸ್‌ನಿಂದ ವಲಸೆ ಬಂದ ಸ್ಯಾಮ್ ಪನೋಪೊಲೊಸ್ ತನ್ನ ಹೋಟೆಲ್‌ನಲ್ಲಿ ಡಬ್ಬಿ ಅನಾನಸ್ ಹಾಕಿ ನೋಡಿದ. ಡಬ್ಬಿಯ ಬ್ರ್ಯಾಂಡ್ ಹೆಸರೇ ಪಿಜ್ಜಾಕ್ಕೂ ಬಂತು. 2017ರಲ್ಲಿ ಐಸ್‌ಲ್ಯಾಂಡ್ ಅಧ್ಯಕ್ಷರು ಶಾಲಾ ಮಕ್ಕಳ ಮುಂದೆ, ಆಗುವುದಾದರೆ ಅನಾನಸ್ ಪಿಜ್ಜಾ ನಿಷೇಧಿಸುತ್ತೇನೆ ಅಂತ ತಮಾಷೆ ಮಾಡಿದರು. ಜಗತ್ತೆಲ್ಲ ಗಲಾಟೆ ಆಯಿತು. ಆಮೇಲೆ ಅಂಥ ಅಧಿಕಾರ ನನಗಿಲ್ಲ, ಇಲ್ಲದ್ದೇ ಒಳ್ಳೆಯದು ಅಂತ ಅವರೇ ಬರೆಯಬೇಕಾಯಿತು. 2024ರಲ್ಲಿ ನೇಪಲ್ಸ್‌ನ ಹೆಸರಾಂತ ಪಿಜ್ಜಾಗಾರ ಜಿನೋ ಸೊರ್ಬಿಲ್ಲೊ ಕೂಡ ಅನಾನಸ್ ಪಿಜ್ಜಾವನ್ನು ಮೆನುಗೆ ಸೇರಿಸಿದರು. ಇಟಲಿಯವರೇ ಹಾಕಿದ ಮೇಲೆ ಅಪ್ಪನಿಗೆ ಏನು ತಕರಾರು?

ಭದ್ರಾವತಿ ಬಾಯಿ:

ಮೇಲೆ ಏನೇನು ಹೇರುತ್ತೀರಿ ಅನ್ನುವುದಕ್ಕಿಂತ ಎಷ್ಟು ಹೇರುತ್ತೀರಿ ಅನ್ನುವುದು ಮುಖ್ಯ ಸ್ವಾಮಿ. ನೇಪಲ್ಸ್‌ನ ಮರಿನಾರಾ ಪಿಜ್ಜಾದಲ್ಲಿ ಚೀಸೇ ಇಲ್ಲ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ, ಮುಗೀತು. ಬ್ರೆಜಿಲ್‌ನವರು ಇದಕ್ಕೆ ಪೂರ್ತಿ ಉಲ್ಟಾ. ಬೇಯಿಸಿದ ಮೊಟ್ಟೆ, ಹ್ಯಾಮ್, ಈರುಳ್ಳಿ, ಆಲಿವ್, ಹಸಿ ಬಟಾಣಿ ಎಲ್ಲ ಒಂದರ ಮೇಲೊಂದು. ಜಪಾನ್‌ನಲ್ಲಿ ಮಯೋನೀಸ್, ಜೋಳ, ಬೊಂಡಾಸ್ (ಸ್ಕ್ವಿಡ್). ನನಗಂತೂ ಮಯೋನೀಸ್ ಕಂಡರೆ ಆಗಲ್ಲ.

ನಮ್ಮಲ್ಲೂ ಅಷ್ಟೇ. ಪಿಜ್ಜಾ ಹಟ್, ಡೊಮಿನೋಸ್ ಎರಡೂ ಭಾರತಕ್ಕೆ ಬಂದಿದ್ದು 1996ರಲ್ಲಿ. ಅಮೆರಿಕದಲ್ಲಿ ಎಲ್ಲರೂ ಕೇಳುವ ಪೆಪ್ಪರೋನಿ ಅನ್ನುವ ಮಾಂಸದ ಬಿಲ್ಲೆ ಇಲ್ಲಿ ಮೂಲೆಗೆ ಹೋಯಿತು, ಪನೀರ್ ಗದ್ದುಗೆ ಏರಿತು.

ಹೊಸನಗರದ ಅಕ್ಕ:

ಅನಾನಸ್‌ಗೆ ಖಾರ ಸೇರಿಸಲು ನಮಗೆ ಕೆನಡಾದವರು ಹೇಳಿಕೊಡಬೇಕಾ ತಮ್ಮಾ? ನಮ್ಮ ಕಡೆ ಮದುವೆ ಮನೆಯಲ್ಲಿ ಅನಾನಸ್ ಮೆಣಸ್ಕಾಯಿ ಬಡಿಸುವುದಿಲ್ಲವಾ? ಹುರಿದ ಎಳ್ಳು, ಒಣಮೆಣಸು, ಹುಣಸೆ, ಬೆಲ್ಲ, ಅದಕ್ಕೆ ಈ ಹಣ್ಣು. ನಿಮ್ಮ ಅಪ್ಪ ಕೇಸರಿಭಾತ್ ನೆನೆಸಿಕೊಂಡರು, ಮೆಣಸ್ಕಾಯಿ ಮರೆತರು ಅಷ್ಟೇ. ಹಣ್ಣಿನ ಚೂರುಗಳನ್ನು ಆ ಮಸಾಲೆಯಲ್ಲೇ ಬಾಡಿಸಿ, ತೇವ ಆರಿಸಿ ಪಿಜ್ಜಾ ಮೇಲೆ ಹಾಕಿ. ಸೂಜಿಮೆಣಸು ಒಂದೆರಡು ಜಜ್ಜಿ ಸೇರಿಸಿದರೆ ಇನ್ನೂ ಚೆನ್ನ. ಪಟ್ಟಣದ ಮಕ್ಕಳಿಗೆ ಮಾತ್ರ ಎಚ್ಚರಿಕೆ ಹೇಳಿ ಕೊಡಿ.

ತುಂಗಾತೀರ:

ಅಕ್ಕ, ಇದು ಸೂಪರ್! ಆದರೆ ಬಾಡಿಸಲೇಬೇಕಾ? ತಾಜಾ ಹಣ್ಣು ಹಾಗೇ ಹಾಕಿದರೆ ಕೆಲಸ ಉಳಿಯುತ್ತದೆ. ಎಳೆ ಬಿದಿರಿನ ಕಳಲೆ ಹಾಕಬಹುದಾ?

ಸಾಗರದ ಮಾಣಿ:

ಅಕ್ಕ ಹೇಳಿದ ಹಾಗೆ ಬಾಡಿಸಿ. ಹಸಿ ಅನಾನಸ್ ನೀರು ಬಿಟ್ಟರೆ ನಡುವಿನ ಹಿಟ್ಟು ಬೇಯುವುದೇ ಇಲ್ಲ, ಮುದ್ದೆಯಾಗುತ್ತದೆ. ಇನ್ನೊಂದು ಕಾರಣವೂ ಇದೆ. ಈ ಹಣ್ಣು ಜಾಸ್ತಿ ತಿಂದರೆ ನಾಲಿಗೆ ಚುರುಗುಟ್ಟುತ್ತದಲ್ವಾ? ಅದರಲ್ಲಿ ಬ್ರೊಮೆಲೈನ್ ಅನ್ನುವ ಕಿಣ್ವ ಇದೆ. ಹಾಲಿನ ಪ್ರೋಟೀನನ್ನೂ ಅದು ಒಡೆಯುತ್ತದೆ. ಹಸಿ ಹಣ್ಣು ಚೀಸ್, ಪನೀರ್ ಜೊತೆ ತುಂಬಾ ಹೊತ್ತು ಕೂತರೆ ಕಹಿ ಬರಬಹುದು. ಚೆನ್ನಾಗಿ ಬಿಸಿ ಮಾಡಿದರೆ ಅದರ ಆಟ ಮುಗಿಯಿತು. ಡಬ್ಬಿ ಹಣ್ಣು ಮೊದಲೇ ಬಿಸಿಯಾಗಿ ಬಂದಿರುತ್ತದೆ, ಹಾಗಾಗಿ ಕೆನಡಾದವರಿಗೆ ಈ ತಲೆನೋವು ಇರಲಿಲ್ಲ.

ಕಳಲೆ ಮಳೆಗಾಲದಲ್ಲಿ ಹಾಕಿ. ನೀರಿನಲ್ಲಿ ನೆನೆಸಿ, ನೀರು ಬದಲಾಯಿಸಿ, ಬೇಯಿಸಿ, ಹಿಂಡಿಯೇ ಹಾಕಬೇಕು. ಇದು ನಿಮ್ಮ ಮನೆಯವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ನಿಜವಾದ ತೊಂದರೆ ನಿಮ್ಮ ಒಲೆಯದು. ಬನ್ನು ತೆಗೆದ ಮೇಲೆ ಉಳಿದ ಕಾವು ಪಿಜ್ಜಾಕ್ಕೆ ಸಾಲದು. ನೇಪಲ್ಸ್‌ನಲ್ಲಿ ಸೌದೆ ಒಲೆ 430 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, 60ರಿಂದ 90 ಸೆಕೆಂಡಿನಲ್ಲಿ ಪಿಜ್ಜಾ ಹೊರಗೆ. ಅಷ್ಟು ನಿಮಗೆ ಬೇಡ, ಆದರೆ 300ರ ಹತ್ತಿರ ಬರಬೇಕು. ಕಾವು ಕಡಿಮೆಯಾದರೆ ಹಿಟ್ಟು ಒಣಗಿ ರಸ್ಕಿನ ಗಟ್ಟಿ ಬರುತ್ತದೆ. ಸಂಜೆ ಹೊಸದಾಗಿ ಸೌದೆ ಒಟ್ಟಿ ಉರಿ ಎಬ್ಬಿಸಿ, ಕೆಂಡವನ್ನು ಒಂದು ಬದಿಗೆ ತಳ್ಳಿ, ನೆಲ ಗುಡಿಸಿ ಆಮೇಲೆ ಹಾಕಿ.

ತುಂಗಾತೀರ:

ಅಪ್ಪನಿಗೆ ಎಲ್ಲಾ ಓದಿ ಹೇಳಿದೆ. ಮೆಣಸ್ಕಾಯಿ ಅಂದಾಗ ತಲೆ ಆಡಿಸಿದರು. ಸಂಜೆ ಮತ್ತೆ ಉರಿ ಹಾಕಬೇಕು ಅಂದಾಗ "ಸೌದೆ ದುಡ್ಡು ಯಾರು ಕೊಡ್ತಾರೆ, ಸ್ವೀಡನ್‌ನವರಾ?" ಅಂದರು. ಮಾಣಿ ಅಣ್ಣ, ಇದಕ್ಕೆ ಒಂದು ಉತ್ತರ ಹೇಳಿ.