ಬೆಕ್ಕು ಕಂಡರೆ ಓಡುವ ಮುಧೋಳ: ಹುಟ್ಟುಗುಣವೋ, ನಾವು ಕಲಿಸಿದ್ದೋ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮದು 11 ತಿಂಗಳ ಹೆಣ್ಣು ಮುಧೋಳ ನಾಯಿ. ಮನೆಯೊಳಗೆ ಬಲು ಸಾಧು. ಮೈದಾನದಲ್ಲಿ ಬೆಲ್ಟ್ ಬಿಚ್ಚಿದರೆ ಮಾತ್ರ ಬೆಕ್ಕು, ಅಳಿಲು ಏನು ಕಂಡರೂ ಬೆನ್ನಟ್ಟುತ್ತದೆ. ಎಷ್ಟು ಕೂಗಿದರೂ ತಿರುಗಿ ನೋಡಲ್ಲ. ಮನೆಗೆ ಹೊಸಬರು ಬಂದರೆ ಹೆದರಿ ಮಂಚದ ಕೆಳಗೆ ಸೇರುತ್ತದೆ. "ಅದರ ಜಾತಿಯೇ ಹಾಗೆ" ಅಂತಾರೆ ಕೆಲವರು, "ನೀವು ಸರಿಯಾಗಿ ಕಲಿಸಿಲ್ಲ" ಅಂತಾರೆ ಇನ್ನು ಕೆಲವರು. ಯಾವುದು ನಿಜ?

ಉತ್ತರ: ಓಟ, ಹೆದರಿಕೆ ಎರಡನ್ನೂ ಬೇರೆ ಬೇರೆ ನೋಡೋಣ. ಬೆನ್ನಟ್ಟುವುದು ಹೆಚ್ಚಾಗಿ ಹುಟ್ಟಿನಿಂದ ಬಂದದ್ದು. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ಬಯಲುಸೀಮೆಯಲ್ಲಿ ಮೊಲ ಹಿಡಿಯಲು ಚೆನ್ನಾಗಿ ಓಡುವವನ್ನೇ ಆರಿಸಿ ಮರಿ ಹಾಕಿಸುತ್ತಾ ಬಂದಿದ್ದಾರೆ. ಓಡುವುದೇ ಅದಕ್ಕೆ ಖುಷಿ. ಆ ಹೊತ್ತಿನಲ್ಲಿ ನಿಮ್ಮ ಕೈಯ ಬಿಸ್ಕತ್ತು ಲೆಕ್ಕಕ್ಕೇ ಬರಲ್ಲ. ದಯವಿಟ್ಟು ಇದಕ್ಕಾಗಿ ಹೊಡೆಯಬೇಡಿ.

ಹಾಗಂತ ತಳಿಯ ಹೆಸರಿನ ಮೇಲೆ ಎಲ್ಲವನ್ನೂ ಹೊರಿಸಲು ಆಗಲ್ಲ. 2022ರಲ್ಲಿ ಅಮೆರಿಕದ ವಿಜ್ಞಾನಿಗಳು 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಸಾಕಿದವರನ್ನು ಕೇಳಿದರು, 2,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿದರು. ನಾಯಿಯಿಂದ ನಾಯಿಗೆ ನಡತೆ ಬೇರೆಯಾಗುವುದರಲ್ಲಿ ತಳಿಯ ಪಾಲು ಸುಮಾರು 9% ಅಷ್ಟೇ ಅಂತ ಕಂಡಿತು. ಹುಟ್ಟುಗುಣ ಸುಳ್ಳು ಅಂತಲ್ಲ ಇದರರ್ಥ. ಒಂದೇ ತಳಿಯೊಳಗೂ ಅಪ್ಪ-ಅಮ್ಮನಿಂದ ಬರುವ ಗುಣ ಬೇರೆ ಬೇರೆ ಇರುತ್ತದೆ. ಮರಿಯನ್ನು ತಂದಾಗ ಅದಕ್ಕೆಷ್ಟು ವಯಸ್ಸು? ತಾಯಿಯನ್ನು ನೋಡಿದ್ದಿರಾ?

ಪ್ರಶ್ನೆ ಕೇಳಿದವರು: ನಾಲ್ಕು ತಿಂಗಳು ತುಂಬಿತ್ತು ಡಾಕ್ಟ್ರೇ. ತೋಟದ ಶೆಡ್ಡಿನಲ್ಲೇ ಬೆಳೆದಿತ್ತು. ತಾಯಿ ನಮ್ಮನ್ನು ಕಂಡು ಮೂಲೆಗೆ ಹೋಗಿತ್ತು.

ಉತ್ತರ: ಹೆದರಿಕೆಯ ಬೇರು ಅಲ್ಲೇ ಇರಬಹುದು. 3ನೇ ವಾರದಿಂದ ಸುಮಾರು 12-14ನೇ ವಾರದವರೆಗೆ ಮರಿ ಜನರನ್ನು, ಸದ್ದುಗಳನ್ನು ನಮ್ಮವು ಅಂತ ಒಪ್ಪಿಕೊಳ್ಳುವ ಕಾಲ. ನಿಮ್ಮ ಮರಿಗೆ ಅದು ಶೆಡ್ಡಿನಲ್ಲೇ ಕಳೆಯಿತು. ಜೊತೆಗೆ ತಾಯಿಯೂ ಪುಕ್ಕಲು. ನಿಮ್ಮ ತಪ್ಪಲ್ಲ ಇದು. ಪೂರ್ತಿ ಹೋಗುತ್ತದೆ ಅಂತ ಮಾತು ಕೊಡಲಾರೆ, ಕಡಿಮೆಯಂತೂ ಮಾಡಬಹುದು. ಬಂದವರು ಅದನ್ನು ಮುಟ್ಟುವುದೂ ಬೇಡ, ದಿಟ್ಟಿಸುವುದೂ ಬೇಡ. ಸುಮ್ನೆ ಕೂತು ಬೇಯಿಸಿದ ಕೋಳಿಯ ಚೂರು ದೂರಕ್ಕೆ ಹಾಕಲಿ. ಹತ್ತಿರ ಬರುವುದು ಅದರ ಇಷ್ಟ.

ಓಟಕ್ಕೆ ಬೇರೆ ದಾರಿ ಕೊಡಿ. ಕೋಲಿಗೆ ಹಗ್ಗ ಕಟ್ಟಿ, ತುದಿಗೆ ಹಳೇ ಬಟ್ಟೆ ಕಟ್ಟಿ ಓಡಾಡಿಸಿ. ನಡುವೆ ಆಟ ನಿಲ್ಲಿಸಿ ಹೆಸರು ಹಿಡಿದು ಕರೆಯಿರಿ. ಬಂದ ತಕ್ಷಣ ಮತ್ತೆ ಬಟ್ಟೆ ಓಡಲಿ. ಕರೆದಾಗ ಬಂದರೆ ಓಟ ಸಿಗುತ್ತದೆ ಅಂತ ಅದಕ್ಕೆ ಗೊತ್ತಾಗಬೇಕು, ಅಲ್ವಾ? ಅಲ್ಲಿಯವರೆಗೆ ಮೈದಾನದಲ್ಲಿ 10 ಮೀಟರ್ ಉದ್ದದ ಹಗ್ಗ ಇರಲಿ. ಕುತ್ತಿಗೆಗೆ ಕಟ್ಟಬೇಡಿ, ಎದೆಗೆ ಹಾಕುವ ಪಟ್ಟಿಗೆ ಕಟ್ಟಿ. ಈ ವೇಗದ ನಾಯಿಗೆ ಕುತ್ತಿಗೆಯ ಜಗ್ಗು ತುಂಬಾ ಅಪಾಯ.