ಸಹಾಯ ಬೇಕು: ಲೈನ್ ಗಾಡಿನಾ, ಟಿಪ್ಪರ್ರಾ, ಟ್ಯಾಂಕರ್ರಾ?

ಅಣ್ಣಂದಿರೇ, ನಂದು ಹಾಸನ. 6 ವರ್ಷದಿಂದ ನ್ಯಾಷನಲ್ ಪರ್ಮಿಟ್ ಗಾಡಿ, ಬೆಂಗಳೂರು–ಪುಣೆ–ಗುಜರಾತ್ ಲೈನು, ಹೊರಟ್ರೆ 15 ದಿನ ಮನೆ ಕಡೆ ತಲೆ ಹಾಕಂಗಿಲ್ಲ. ಮೊನ್ನೆ ಹೋದ್ರೆ ಮಗಳು ನನ್ನ ನೋಡಿ ಅಜ್ಜಿ ಸೆರಗಿನ ಹಿಂದೆ ಬಚ್ಚಿಟ್ಕೊಂಡ್ಳು, ಅವತ್ತೇ ಸಾಕು ಅನ್ನಿಸ್ತು.

ಊರಲ್ಲೇ ಎಂ-ಸ್ಯಾಂಡ್ ಟಿಪ್ಪರ್ 2 ತಿಂಗಳು ಓಡಿಸ್ದೆ, ದಿನಾ ಮನೆ ಊಟ ಏನೋ ಸಿಗ್ತು ಆದ್ರೆ ಟ್ರಿಪ್ ಲೆಕ್ಕದ ದುಡ್ಡು, ಕ್ರಷರ್ ಹತ್ರ ಕ್ಯೂ ನಿಂತ್ರೆ ಮುಗೀತು, ಮಳೆ ಹಿಡಿದ್ರೆ ಕೆಲಸಾನೇ ಇಲ್ಲ.

ಈಗ ಮಂಗಳೂರಿಂದ ಗ್ಯಾಸ್ ಟ್ಯಾಂಕರ್‌ಗೆ ಕರೀತಿದಾರೆ. 3 ದಿನದ ಟ್ರೈನಿಂಗ್ ಮಾಡಿ ಲೈಸೆನ್ಸಲ್ಲಿ ಹಜಾರ್ಡಸ್ (ಅಪಾಯದ ಸರಕು) ಎಂಟ್ರಿ ಹಾಕಿಸ್ಬೇಕಂತೆ, ಅದು ಮಾಡ್ಕೋತೀನಿ. ಆದ್ರೆ ಮಳೇಲಿ ಲೋಡ್ ಗಾಡಿ ಶಿರಾಡಿ ಘಾಟಿ ಹತ್ತಿಸ್ಬೇಕಲ್ಲ, ಮನೆಯವಳು ಬೇಡವೇ ಬೇಡ ಅಂತಾಳೆ.

ಟ್ಯಾಂಕರ್ ಓಡಿಸೋರು ಹೇಳಿ, ವಾರದಲ್ಲಿ ನಿಜವಾಗ್ಲೂ ಎಷ್ಟು ರಾತ್ರಿ ಮನೇಲಿ ಮಲಗ್ತೀರ? ಸಂಬಳ ತಿಂಗಳ ಲೆಕ್ಕನಾ, ಟ್ರಿಪ್ ಲೆಕ್ಕನಾ?