ಪದಚರ್ಚೆ: ಸೈಕಲ್ ‘ಲೂಪ್’, ‘ಘಾಟ್’, ‘ಹೇರ್‌ಪಿನ್’ – ಶುಕ್ರವಾರದೊಳಗೆ ಬೇಕು

ಗೆಳೆಯರೇ,

ಪುಣೆಯ ನಮ್ಮ ಕನ್ನಡ ಗೆಳೆಯರ ಗುಂಪು ಬರುವ ಭಾನುವಾರ ಸೈಕಲ್ ಸವಾರಿ ಇಟ್ಟುಕೊಂಡಿದೆ. ಕೊಂಢವಾದಿಂದ ಹೊರಟು ಯೇವಲೇವಾಡಿ ದಾಟಿ ಬೋಪದೇವ ಘಾಟ್ ಹತ್ತುವುದು; ಭಿವರಿ, ಚಾಂಬಳಿ, ಹಿವರೆ ಕಡೆಯ ಹೊಲಗಳ ನಡುವೆ ಸಾಸವಡ ಸೇರುವುದು; ಅಲ್ಲಿ ತಿಂಡಿ; ಆಮೇಲೆ ದಿವೇಘಾಟ್ ಇಳಿದು ವಡಕಿ, ಫುರಸುಂಗಿ ಮೇಲೆ ಹಡಪಸರ, ಮತ್ತೆ ಕೊಂಢವಾ. ಮಳೆ ನಿಂತ ಹೊತ್ತು, ಗುಡ್ಡವೆಲ್ಲ ಇನ್ನೂ ಹಸಿರಾಗಿದೆ. ದಾರಿಯ ಹಾಳೆಯನ್ನೂ ತಿರುವುಗಳಲ್ಲಿ ನಿಲ್ಲಿಸುವ ಬೋರ್ಡುಗಳನ್ನೂ ಕನ್ನಡದಲ್ಲೇ ಮಾಡಬೇಕೆಂದು ಹಟ ಹಿಡಿದಿದ್ದೇನೆ. ಶುಕ್ರವಾರ ಸಂಜೆ ಮುದ್ರಣಕ್ಕೆ ಕೊಡಬೇಕು.

ಹೋದ ದಾರಿಯಲ್ಲಿ ಮರಳದೆ ಹೊರಟ ಜಾಗಕ್ಕೇ ಬಂದು ಕೂಡುವ ದಾರಿಗೆ ಏನನ್ನೋಣ? ‘ಸುತ್ತುದಾರಿ’ ಎಂದು ಬರೆದಿದ್ದೆ. ಓದಿದವರೊಬ್ಬರು ‘ನೇರ ದಾರಿ ಮುಚ್ಚಿದೆಯಾ?’ ಎಂದು ಕೇಳಿದರು. ‘ಬಳಸುದಾರಿ’ಗೂ ಅದೇ ತೊಡಕು. ‘ವರ್ತುಲ’ ಬೆಂಗಳೂರಿನ ರಿಂಗ್ ರೋಡಿಗೆ ಅಂಟಿಕೊಂಡುಬಿಟ್ಟಿದೆ. ಇನ್ನು ‘ಘಾಟ್’. ನಮ್ಮಲ್ಲಿ ಘಟ್ಟ ಎಂದರೆ ಇಡೀ ಬೆಟ್ಟಸಾಲು. ಮರಾಠಿಯ ಘಾಟ್ ಆ ಸಾಲನ್ನು ಹತ್ತಿಳಿಯುವ ರಸ್ತೆ. ‘ಹೇರ್‌ಪಿನ್ ತಿರುವು’ ಅನ್ನುವುದಕ್ಕಿಂತ ಚಿಕ್ಕದು ಏನಾದರೂ ಇದೆಯೇ?

ಗುಂಪಿನಲ್ಲಿ ಕಲಬುರಗಿಯವರಿದ್ದಾರೆ, ಕುಂದಾಪುರದವರಿದ್ದಾರೆ, ಇಲ್ಲೇ ಹುಟ್ಟಿ ಕನ್ನಡವನ್ನು ಅಕ್ಷರ ಕೂಡಿಸಿ ಓದುವ ಮಕ್ಕಳಿದ್ದಾರೆ. ಎಲ್ಲರಿಗೂ ಸೈಕಲ್ ಮೇಲಿದ್ದಂತೆಯೇ ತಿಳಿಯಬೇಕು.

– ವಾನವಡಿ, ಪುಣೆ

*

‘ಸುತ್ತು’ ಬರೀರಿ. ‘ದಾರಿ’ ಯಾಕ ಜೋಡಸ್ತೀರಿ? ಅದು ಸೇರಿದ್ದಕ್ಕ ಬಳಸಿ ಹೋಗೂದು ಅನ್ನೋ ಅರ್ಥ ಬಂತು. ‘ಕೆರಿ ಒಂದು ಸುತ್ತ ಹಾಕಿ ಬಂದೆ’ ಅಂದ್ರ ಯಾರೂ ರಸ್ತೆ ಮುಚ್ಚೇದೇನು ಅಂತ ಕೇಳೂದಿಲ್ಲ. ‘ಬೋಪದೇವ–ದಿವೇ ಸುತ್ತು’. ಮುಗೀತು.

ಭಕ್ತಿ ಇದ್ರ ‘ಪ್ರದಕ್ಷಿಣೆ’ನೂ ಅನಬಹುದು. ದಿವೇಘಾಟ ಅಂದ್ರ ಆಷಾಢ ಏಕಾದಶಿಗೆ ಪಂಢರಪುರಕ್ಕ ಹೊಂಟ ಜ್ಞಾನೇಶ್ವರ ಮಹಾರಾಜರ ಪಾಲಖಿ ಏರೂ ಘಾಟ. ನೀವು ಅದನ್ನ ಇಳೀತೀರಿ.

– ಕೋಥರೂಡ, ಪುಣೆ

*

‘ಸುತ್ತು’ ಒಪ್ಪಿದೆ. ‘ಘಾಟ್’ ಒಪ್ಪಲಾರೆ.

ಬೆಟ್ಟ ದಾಟುವ ಹಾದಿಗೆ ಕನ್ನಡದ್ದೇ ಪದವಿದೆ: ಕಣಿವೆ. ತಮಿಳಿನ ‘ಕಣವಾಯ್’, ತೆಲುಗಿನ ‘ಕನುಮ’ ಇದರ ಒಡಹುಟ್ಟುಗಳು. ಎರಡಕ್ಕೂ ಇಂದಿಗೂ ಬೆಟ್ಟದ ನಡುವಿನ ಹಾದಿ ಎಂದೇ ಅರ್ಥ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡ ಕಟ್ಟಿ 1907ರಲ್ಲಿ ಮುಗಿಸಿದ ಅಣೆಕಟ್ಟನ್ನು ಜನ ಮಾರಿಕಣಿವೆ ಎಂದೇ ಕರೆದರು, ಏಕೆಂದರೆ ಅದು ಎರಡು ಗುಡ್ಡಗಳ ನಡುವಿನ ಕಿಂಡಿಯಲ್ಲಿ ನಿಂತಿದೆ. ದಾರಿಯ ಇಕ್ಕಟ್ಟಿನಲ್ಲಿ ಕೂತು ಪಯಣಿಗರನ್ನು ಕಾಯುವ ತಾಯಿಗೆ ಕಣಿವೆ ಮಾರಮ್ಮ ಎಂದೇ ಹೆಸರು. ಈ ಅರ್ಥವನ್ನು ನಾವೇ ಕೈಬಿಟ್ಟೆವು. ಅದನ್ನು ಮರಳಿ ಪಡೆಯಲು ಇಂಥ ಬೋರ್ಡಿಗಿಂತ ಒಳ್ಳೆಯ ಜಾಗವಿಲ್ಲ. ‘ಬೋಪದೇವ ಕಣಿವೆ’, ‘ದಿವೇ ಕಣಿವೆ’ ಎಂದೇ ಬರೆಯಿರಿ.

ಪ್ರದಕ್ಷಿಣೆಯ ಅಗತ್ಯವೂ ಇಲ್ಲ. ಹಳಗನ್ನಡದ ‘ಬಲವಂದು’ (ಬಲಕ್ಕೆ ಸುತ್ತಿ ಬಂದು) ಇದೆ, ತಮಿಳಿನ ‘ವಲಂ’ ನೋಡಿ. ‘ಬಲಸುತ್ತು’, ‘ಎಡಸುತ್ತು’ ಎಂದು ಜೋಡಿ ಮಾಡಿಕೊಳ್ಳಿ.

– ಠಾಣೆ

*

‘ಕಣಿವೆ’ ಎಂದು ಬರೆದರೆ ಮಕ್ಕಳು ತಗ್ಗು ಹುಡುಕುತ್ತಾರೆ. ಕಾಶ್ಮೀರ ಕಣಿವೆ ಎಂದು ಪಠ್ಯದಲ್ಲಿ ಓದಿದವರಿಗೆ ಬೇರೆ ಅರ್ಥ ಹೊಳೆಯುವುದಿಲ್ಲ. ಮಾರಮ್ಮನ ಗುಡಿಯಲ್ಲಿ ಉಳಿದ ಅರ್ಥ ಬೋರ್ಡಿನಲ್ಲಿ ಉಳಿಯದು.

ನಮ್ಮ ಕರಾವಳಿಯವರು ಈ ತೊಡಕನ್ನು ಎಂದೋ ಬಿಡಿಸಿದ್ದಾರೆ. ‘ಘಟ್ಟ’ ಬೆಟ್ಟಸಾಲು, ‘ಘಾಟಿ’ ರಸ್ತೆ. ‘ಘಟ್ಟದ ಮೇಲಿನವರು’ ಅನ್ನುತ್ತೇವೆ. ‘ಚಾರ್ಮಾಡಿ ಘಾಟಿಯಲ್ಲಿ ಬಸ್ಸು ನಿಂತಿದೆ’ ಅನ್ನುತ್ತೇವೆ. ಆಗುಂಬೆ, ಶಿರಾಡಿ ಎಲ್ಲಕ್ಕೂ ಘಾಟಿಯೇ. ನಿಮಗೆ ಬೇಕಾದ ಭೇದ ಸಿದ್ಧವಾಗಿಯೇ ಇದೆ.

ಹೇರ್‌ಪಿನ್ನಿಗೆ ‘ತಿರುಗಾಸು’. ಅಜ್ಜಿಯ ಬಾಯಲ್ಲಿ ಕೇಳಿದ ಪದ, ನಾಲ್ಕೇ ಅಕ್ಷರ. ಏರಿಗೆ ಬೇಕಾದರೆ ‘ಚಡಾವು’.

– ಡೊಂಬಿವಲಿ

*

ಅಕ್ಕಾರ, ‘ತಿರುಗಾಸು’ ಚೊಲೋ ಅದ, ನಮ್ಮ ಕಡೆ ಇಲ್ಲ, ಆದ್ರ ಕೇಳಿದ ಕೂಡಲೇ ತಿಳೀತದ. ‘ಘಾಟಿ’ ಮಾತ್ರ ಇಲ್ಲಿ ಬ್ಯಾಡ. ಮುಂಬಯಿಯಾಗ ಅದು ಘಟ್ಟದ ಮಂದಿಗೆ ಬೈಯೂ ಮಾತು. ಬೋರ್ಡ್ ಕನ್ನಡದಾಗ ಇದ್ರೂ ಸವಾರರು ಬಾಯಿಲೆ ಹೇಳ್ತಾರ, ಹೊಲದಾಗ ಕೆಲಸ ಮಾಡೋರು ಕೇಳ್ತಾರ. ಅವರ ಊರಾಗಿಂದ ಹೋಗವರು ನಾವು.

ಕಣಿವೆಯವರಿಗೆ: ‘ದಿವೇಘಾಟ’ ಹೆಸರು. ಹೆಸರನ್ನ ಅನುವಾದ ಮಾಡೂದಿಲ್ಲ. ‘ದಿವೇ ಕಣಿವೆ ಎಲ್ಲಿ?’ ಅಂತ ಕೇಳಿದ ಹುಡುಗಗ ಸಾಸವಡದಾಗ ಯಾರು ದಾರಿ ತೋರಸ್ತಾರ?

– ಕೋಥರೂಡ

*

ಹೆಸರು ಹೆಸರೇ ಎಂದು ಕೈಕಟ್ಟಿ ಕೂತಿದ್ದರೆ ಬೆಲ್ಗಾಂ 2014ರಲ್ಲಿ ಕಾಗದದ ಮೇಲೆ ಬೆಳಗಾವಿ ಆಗುತ್ತಿರಲಿಲ್ಲ. ಎರವಲು ಒಂದು ಪದದಿಂದ ಮೊದಲಾಗುತ್ತದೆ, ಕೊನೆಗೆ ಕ್ರಿಯಾಪದವಷ್ಟೇ ನಮ್ಮದಾಗಿ ಉಳಿಯುತ್ತದೆ.

– ಠಾಣೆ

*

ಬೆಳಗಾವಿಯದು ಅಲ್ಲಿಯ ಕನ್ನಡಿಗರು ಅನ್ನುತ್ತಿದ್ದ ಹೆಸರೇ. ದಿವೇಘಾಟಿನದು ದಿವೇಘಾಟಿನವರು ಅನ್ನುವ ಹೆಸರು. ನಿಯಮ ಒಂದೇ, ನಿಮ್ಮ ಉದಾಹರಣೆ ನಮ್ಮ ಕಡೆಗಿದೆ.

ಶುದ್ಧಿಯ ಹಾದಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ನಾವಿರುವ ಸೀಮೆಯಲ್ಲೇ ಪಾಠವಿದೆ. ಮರಾಠಿಯಿಂದ ಪರಕೀಯ ಪದ ತೆಗೆಯಲು ಹೊರಟ ಸಾವರಕರರು ಮೇಯರಿಗೆ ‘ಮಹಾಪೌರ’ ಎಂದು ಕೊಟ್ಟರು. ಇಂದು ಕನ್ನಡ ಪತ್ರಿಕೆಗಳೂ ಮಹಾಪೌರ ಎಂದು ಬರೆಯುತ್ತವೆ. ಅಲ್ಲಿ ಎರವಲನ್ನು ಓಡಿಸಲು ಕಟ್ಟಿದ ಪದ ಇಲ್ಲಿ ಎರವಲಾಗಿಯೇ ಬದುಕಿದೆ.

– ಡೊಂಬಿವಲಿ

*

ಈ ಜಗಳದ ನಡುವೆ ಒಂದು ಮುಖ್ಯ ಸಂಗತಿ ಕಳೆದುಹೋಗುತ್ತಿದೆ. ಈ ದಾರಿಯಲ್ಲಿ ನಾನು ಆಗಾಗ ಸೈಕಲ್ ತುಳಿಯುತ್ತೇನೆ. ಕೊಂಢವಾದಿಂದ ದಕ್ಷಿಣಕ್ಕೆ, ಸಾಸವಡದ ಕಡೆ ಪೂರ್ವಕ್ಕೆ, ಅಲ್ಲಿಂದ ಉತ್ತರಕ್ಕೆ: ಇದು ಗಡಿಯಾರದ ಮುಳ್ಳಿಗೆ ಎದುರು ಸುತ್ತು. ‘ಪ್ರದಕ್ಷಿಣೆ’ ಎಂದು ಬರೆದರೆ ಅರ್ಥ ಓದುವವನು ಸಾಸವಡಕ್ಕೆ ದಿವೇಘಾಟ್ ಹತ್ತಿಯೇ ಹೋಗುತ್ತಾನೆ. ಆ ಪದ ತೆಗೆದುಬಿಡಿ.

ದಿಕ್ಕು ಯಾಕೆ ಮುಖ್ಯವೆಂದರೆ, ರಸ್ತೆಯ ಎಡಗಡೆ ಸಾಗುವ ನಮ್ಮ ದೇಶದಲ್ಲಿ ಎಡಸುತ್ತಿನ ದೊಡ್ಡ ಕೂಡುರಸ್ತೆಗಳಲ್ಲೆಲ್ಲ ಎಡಕ್ಕೇ ಹೊರಳಬೇಕು, ಎದುರಿನ ವಾಹನಗಳನ್ನು ಅಡ್ಡ ಹಾಯಬೇಕಿಲ್ಲ. ಸಾಸವಡದಲ್ಲಿ ಎಡ, ಹಡಪಸರದಲ್ಲಿ ಸೊಲ್ಲಾಪುರ ರಸ್ತೆಗೆ ಸೇರುವಾಗಲೂ ಎಡ. ತಿರುಗಿಸಿ ಹೋದರೆ ಇದೇ ಜಾಗಗಳಲ್ಲಿ ಲಾರಿಗಳ ಮುಂದೆ ಬಲಕ್ಕೆ ಹಾಯಬೇಕು. ಹೊಸಬರಿರುವ ಗುಂಪಿಗೆ ಇದು ಜೀವದ ಮಾತು. ಆದ್ದರಿಂದ ಠಾಣೆಯವರ ‘ಎಡಸುತ್ತು’ ಹಾಳೆಯ ತಲೆಯಲ್ಲೇ ದಪ್ಪಕ್ಷರದಲ್ಲಿ ಬರಲಿ. ಈ ಚರ್ಚೆಯಲ್ಲಿ ಬಂದ ಪದಗಳಲ್ಲಿ ಅತಿ ಉಪಯುಕ್ತವಾದದ್ದು ಅದೇ.

‘ಗ್ರೇಡಿಯಂಟ್’ ಯಾರೂ ಕೇಳಲಿಲ್ಲ, ಹಾಳೆಯಲ್ಲಿ ಬೇಕಾಗುತ್ತದೆ. ಗಾರೆ ಕೆಲಸದವರ ‘ವಾಟ’ ಇದೆ, ತಾರಸಿಯ ನೀರು ಹರಿಯಲು ಕೊಡುವ ಇಳಿಜಾರು. ‘ವಾಟ: ನೂರು ಮೀಟರಿಗೆ ಇಷ್ಟು ಮೀಟರ್ ಏರು’ ಎಂದರೆ ಶೇಕಡಾ ಲೆಕ್ಕ ಬಾರದವರಿಗೂ ತಿಳಿಯುತ್ತದೆ.

– ಪಿಂಪರಿ

*

ವಾಟ ಇಳಿಯುವ ಕಡೆಯ ಮಾತು. ಏರಿಗೆ ಸಲ್ಲದು.

– ಠಾಣೆ

*

ಎಲ್ಲರಿಗೂ ಕೃತಜ್ಞತೆ. ಹಾಳೆಯ ತಲೆಬರಹ ‘ಬೋಪದೇವ–ದಿವೇಘಾಟ್ ಎಡಸುತ್ತು’. ಘಾಟ್‌ಗಳಿಗೆ ಅವುಗಳ ಹೆಸರೇ. ಏರು, ಇಳಿಜಾರು, ತಿರುಗಾಸು ಬೋರ್ಡುಗಳಿಗೆ. ಠಾಣೆಯ ಹಿರಿಯರು ಹೇಳಿದ ಕಣಿವೆಯ ಅರ್ಥವನ್ನು ಹಾಳೆಯ ಹಿಂಬದಿಯಲ್ಲಿ ಎರಡು ಸಾಲಿನಲ್ಲಿ ಹಾಕುತ್ತೇನೆ. ತಿಂಡಿಯ ಹೊತ್ತಿಗೆ ಮಕ್ಕಳು ಓದಲಿ. ವಾಟ ಬಿಟ್ಟಿದ್ದೇನೆ, ನಕ್ಷೆಯಲ್ಲಿ ಏರಿನ ರೇಖೆ ಇರುತ್ತದೆ.

– ವಾನವಡಿ

*

ಒಂದು ವಿನಂತಿ. ‘ತಿರುಗಾಸು’ ಬೋರ್ಡನ್ನು ತಿರುವಿನಲ್ಲೇ ನೆಡಬೇಡಿ, ಇಳಿಯುವವರಿಗೆ ಸಾಕಷ್ಟು ಮೊದಲೇ ಕಾಣುವಂತೆ ನಿಲ್ಲಿಸಿ. ಬ್ರೇಕನ್ನು ನೇರ ದಾರಿಯಲ್ಲೇ ಹಿಡಿದು ವೇಗ ಇಳಿಸಿಕೊಳ್ಳಬೇಕು, ವಾಲಿದ ಮೇಲೆ ಹಿಡಿದರೆ ಚಕ್ರ ಜಾರುತ್ತದೆ. ಪದ ಗೊತ್ತಿಲ್ಲದ ಮಕ್ಕಳಿಗಾಗಿ ಪಕ್ಕದಲ್ಲಿ ಬಾಗಿದ ಬಾಣದ ಗುರುತೂ ಇರಲಿ.

– ಡೊಂಬಿವಲಿ